ಕಡಲಿಗೆ ಬೀಗ ಹಾಕಿದ ನೂರೋವಾ

ನೂರೋವಾ ನಡುರಸ್ತೆಯಲ್ಲೂ ನೀರಿನೊಳಗೆ ನಡೆಯುವಂತೆಯೇ ನಡೆಯುತ್ತಿದ್ದ. ಮಂಡಿಯನ್ನು ಎತ್ತರಕ್ಕೆತ್ತಿ, ಪಾದವನ್ನು ಅನುಮಾನದಿಂದ ಇಳಿಸಿ, ಅಡಿಯಲ್ಲಿ ಯಾವ ಜೀವವೂ ಸಿಕ್ಕಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಮೈಭಾರವನ್ನು ಮುಂದಕ್ಕೆ ಹಾಕುವ ಆ ಕೊಕ್ಕರೆಯ ಗತಿಯನ್ನು ಅರುವತ್ತು ವರ್ಷಗಳ ಹವಳದ ದಿಬ್ಬ ಅವನಿಗೆ ಕಲಿಸಿತ್ತು. ಚರ್ಚಿನ ನುಣುಪು ನೆಲಕ್ಕೂ ಅದನ್ನು ಮರೆಸಲು ಆಗಲಿಲ್ಲ. ಮೈಮೇಲೆ ತಂದೆಯ ಕಾಲದ ಕಪ್ಪು ಉಣ್ಣೆಯ ಕೋಟು. ನಮ್ಮ ಆಯ್ಟುಟಾಕಿ ದ್ವೀಪದ ಸೆಕೆಯಲ್ಲಿ ಉಣ್ಣೆ ತೊಡುವವನನ್ನು ಕಂಡರೆ ನಗಬೇಕು. ಆದರೆ ಆ ಕೋಟು ದೂರದಲ್ಲಿ ಕಾಣಿಸಿದೊಡನೆ ನಮ್ಮವರು ನಗುವುದನ್ನು ಬಿಟ್ಟು ಮೀನಿನ ಬುಟ್ಟಿ ಮುಚ್ಚುತ್ತಿದ್ದರು.

ಏಕೆಂದರೆ ರಾವುಯಿ, ಅಂದರೆ ಕಡಲಿಗೆ ಊರು ಹಾಕುವ ನಿಷೇಧ, ಅದನ್ನು ಕಾಯುವವನು ಅವನು. ಪಾವುವಾ ಎಂಬ ಚಿಪ್ಪುಮೀನುಗಳ ಸಂತತಿ ಕ್ಷೀಣಿಸುತ್ತಿದೆಯೆಂದು ಹಿರಿಯರು ಸಭೆ ಸೇರಿ, ಒಳಗಡಲಿನ ಪೂರ್ವದ ಅಂಚಿಗೆ ಎರಡು ವರ್ಷದ ರಾವುಯಿ ಹಾಕಿ, ನೀರಲ್ಲಿ ನೆಟ್ಟ ಗಳುವಿಗೆ ಹಸಿ ತೆಂಗಿನಗರಿ ಕಟ್ಟಿದ್ದರು. ಗರಿಯಾಚೆ ಯಾರೂ ಕೈಯದ್ದುವಂತಿಲ್ಲ. ಅದ್ದಿದವನು ಊರಿಗೆ ಒಂದು ಹಂದಿ ದಂಡ ತೆರಬೇಕು. ಒಮ್ಮೆ ಪಾದ್ರಿಗಳೇ ಟೋಪಿಯೊಳಗೆ ಎರಡು ಚಿಪ್ಪು ಅಡಗಿಸಿಕೊಂಡು ಬರುತ್ತಿದ್ದಾಗ ನೂರೋವಾ ಎದುರಾದ. ಸಕಲ ಮರ್ಯಾದೆಯಿಂದ ಅವರ ಟೋಪಿ ತೆಗೆದು, ಚಿಪ್ಪುಗಳನ್ನು ಸ್ವಸ್ಥಾನಕ್ಕೆ ಸೇರಿಸಿ ಬಂದು, ಟೋಪಿಯನ್ನು ಮತ್ತೆ ಅವರ ತಲೆಗಿಟ್ಟು, "ಹಂದಿ ಶನಿವಾರ ಕಳ್ಸಿ ಗುರುಗಳೇ. ಭಾನುವಾರ ಪ್ರಾರ್ಥನೆಗೆ ನಾನು ಬಂದೇ ಬರ್ತೀನಿ" ಎಂದ. ಬಂದ ಕೂಡ, ಮುಂದಿನ ಸಾಲಿನಲ್ಲೇ ಕುಳಿತ.

"ನಿನ್ನ ರಾವುಯಿಯಿಂದ ನನ್ನ ಡಬ್ಬಿ ಮೀನಿಗೆ ಒಳ್ಳೇ ಕಾಲ ಬಂತು ಕಣಯ್ಯ" ಎಂದು ನನ್ನ ಅಂಗಡಿಯಲ್ಲಿ ನಾನೊಮ್ಮೆ ಕೆಣಕಿದೆ. ಅವನು ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದರ ತವರಲ್ಲಿ ಗರಿ ಕಟ್ಟೋರು ಯಾರೂ ಇರ್ಲಿಲ್ಲ, ಪಾಪ" ಎಂದ.

ರಾವುಯಿಗೆ ವರ್ಷ ತುಂಬುವ ಹೊತ್ತಿಗೆ ಅವನ ತಾಯಿ ತೆಪಾಯೆರು ಹಾಸಿಗೆ ಹಿಡಿದಳು. ಗಂಜಿ ಬೇಡ, ಕೆಸುವಿನ ಗಡ್ಡೆ ಬೇಡ; ಒಂದು ತುತ್ತು ಪಾವುವಾ ತಿಂದು ಹೋಗುತ್ತೇನೆ ಎಂಬ ಒಂದೇ ಹಟ. ನಾನು ನ್ಯೂಜಿಲೆಂಡಿನ ಡಬ್ಬಿಯ ಚಿಪ್ಪುಮೀನು ಕಳಿಸಿಕೊಟ್ಟೆ. ಮುದುಕಿ ಬಾಯಿಗಿಟ್ಟು ಉಗಿದು, "ಇದು ಸತ್ತು ಎಷ್ಟು ವರ್ಷ ಆಯ್ತಂತೆ?" ಎಂದು ವಿಚಾರಿಸಿದಳಂತೆ.

ಮರುದಿನ ನೂರೋವಾ ನನ್ನ ಅಂಗಡಿಯ ಅಕ್ಕಿಮೂಟೆಯ ಮೇಲೆ ಕುಳಿತಿದ್ದಾಗ ತಂಗಿ ಮೆರೆಯಾನಾ ಹುಡುಕಿಕೊಂಡು ಬಂದಳು.

"ಅಣ್ಣಾ, ಎರಡೇ ಎರಡು ತಗೊಂಬಾ. ಅವಳು ಹೊಟ್ಟೆಗೆ ಏನೂ ಹಾಕ್ಕೊಳ್ದೆ ನಾಲ್ಕು ದಿನ ಆಯ್ತು."

"ಎರಡೇ ಎರಡು ಅಂತ ಪಾದ್ರಿಗಳೂ ಅಂದಿದ್ರು."

"ಸರಿ ಬಿಡು. ಚಿಪ್ಪಿಗೆ ಮರಿ ಆಗ್ಲಿ, ಅಮ್ಮ ಹೋಗ್ಲಿ."

ಅವನು ಕೋಟಿನ ಗುಂಡಿ ಬಿಚ್ಚಿ ಹಾಕುತ್ತ, ಹಾಕಿ ಬಿಚ್ಚುತ್ತ ಕುಳಿತ.

ಊರು ಕರುಣಾಮಯಿ. ಒಬ್ಬೊಬ್ಬರೇ ಬಂದು, ನಾಳೆ ನಾವು ಕೆಸುವಿನ ಗದ್ದೆಯ ಕಡೆ ಇರುತ್ತೇವೆಂದು ಅವನ ಕಿವಿಗೆ ಹಾಕಿ ಹೋದರು. ದಿಗಂತದ ಹಡಗನ್ನು ಎಲ್ಲರಿಗಿಂತ ಮೊದಲು ಗುರುತಿಸುವ ದೋಣಿಯವನು, "ನಂಗಂತೂ ಈಗೀಗ ದೂರದ್ದು ಕಾಣ್ಸೋದೇ ಇಲ್ಲ" ಎಂದು ನಿಟ್ಟುಸಿರಿಟ್ಟ. ಎಲ್ಲರೂ ಹೋದ ಮೇಲೆ ನೂರೋವಾ ನನ್ನತ್ತ ತಿರುಗಿ, "ನೋಡಲ್ಲ ಅಂತ ಹೇಳೋಕೆ ಮನೆಮನೆಯಿಂದ ಬರ್ತಾರೆ. ಇವರು ನೋಡ್ದೆ ಹೋದ್ರೆ ಆ ಗರಿಗೆ ಏನು ಬೆಲೆ?" ಎಂದ.

ಮಾರನೆಯ ದಿನ ನಡುಮಧ್ಯಾಹ್ನ, ನೀರಿಳಿದ ಹೊತ್ತಿನಲ್ಲಿ, ಚರ್ಚಿನ ಗಂಟೆ ಮೊಳಗಿತು. ಬಾರಿಸುತ್ತಿದ್ದವನು ಅವನೇ. ಊರೆಲ್ಲ ದಡಕ್ಕೆ ನೆರೆದಾಗ, "ಗದ್ದೆ ಕಡೆ ಯಾರೂ ಹೋಗ್ಬೇಡಿ. ಇಲ್ಲೇ ನಿಂತು ನೋಡಿ" ಎಂದು ಹೇಳಿ, ಕೋಟನ್ನು ಕಳಚಿ ಗಳುವಿಗೆ ತೂಗುಹಾಕಿ, ಗರಿಯಾಚೆಗೆ ನಡೆದ. ಬಾಗಿ, ಕಬ್ಬಿಣದ ಸಲಾಕೆಯಿಂದ ಒಂದು ಚಿಪ್ಪನ್ನು ಎಬ್ಬಿಸಿ, ಕೊನೆಯ ಸಾಲಿನ ಕುಳ್ಳರಿಗೂ ಕಾಣುವಂತೆ ಎತ್ತಿ ಹಿಡಿದು ನಿಂತ. ಪಾದ್ರಿಗಳು ತಮ್ಮ ಟೋಪಿ ತೆಗೆದರು.

ತಾಯಿ ತಿಂದಳು. "ಒಂದೇನಾ?" ಎಂದಳು, ನಿಂಬೆ ಸಾಲದು ಎಂದೂ ಹೇಳಿದಳು. ಎಂಟನೆಯ ದಿನ ಹೋದಳು.

ಮಣ್ಣು ಮಾಡಿದ ವಾರಕ್ಕೆ ಅವನು ಮನೆಯ ಏಕೈಕ ಹಂದಿಯನ್ನು ಹಗ್ಗ ಕಟ್ಟಿ ಸಭೆಗೆ ಎಳೆತಂದ. ಹಿರಿಯರು ಮುಖಮುಖ ನೋಡಿಕೊಂಡು ಬೇಡವೆಂದರು. ಅವನು ಹಗ್ಗವನ್ನು ಸಭೆಯ ಕಂಬಕ್ಕೆ ಬಿಗಿದು ಮನೆಗೆ ಹೋಗಿ, ಸ್ವಂತ ದೋಣಿಯ ಮೂತಿಗೆ ಹಸಿ ಗರಿ ಕಟ್ಟಿದ. ಕಾಯುವವನು ಮುರಿದರೆ ಹಂದಿ ಸಾಲದಂತೆ. ತನ್ನ ಸೂರಿನಡಿಯವರು ಯಾರೂ ಇನ್ನು ಎರಡು ವರ್ಷ ಕಡಲಿಗಿಳಿಯಕೂಡದಂತೆ.

"ನಾನೇನು ತಪ್ಪು ಮಾಡ್ದೆ?" ಎಂದು ಮೆರೆಯಾನಾ ಕೂಗಾಡಿದಳು.

"ನೀನು ಎರಡು ಕೇಳಿದ್ದೆ" ಎಂದ ಅಣ್ಣ.

ಹಗಲೆಲ್ಲ ನೀರಿನಲ್ಲೇ ಬಾಳಿದವನು ದಡದ ಮೇಲೆ ಒಣಗತೊಡಗಿದ. ಬೆಳಿಗ್ಗೆ ಬಾಗಿಲಲ್ಲಿ ಯಾರೋ ಮೀನು ಇಟ್ಟು ಹೋದರೆ, ಯಾರ ಬಲೆಯದೆಂದು ನೋಡಿದೊಡನೆ ಗುರುತಿಸಿ ಹಿಂದಿರುಗಿಸುತ್ತಿದ್ದ. ಮರುವರ್ಷ ಊರಿನ ರಾವುಯಿ ಮುಗಿದು, ಗಳುವಿನ ಗರಿ ಬಿಚ್ಚಿದ ದಿನ, ಹೆಂಗಸರು ಮಕ್ಕಳೆನ್ನದೆ ಎಲ್ಲರೂ ನಗುತ್ತ ನೀರಿಗಿಳಿದರು. ಅವನ ಸ್ವಂತದ್ದಕ್ಕೆ ಇನ್ನೂ ಒಂದು ವರ್ಷ ಬಾಕಿ. ಅಲೆ ಬಂದು ಮುಟ್ಟದಷ್ಟು ದೂರದಲ್ಲಿ ನಿಂತು, "ಎಡಕ್ಕೆ, ಎಡಕ್ಕೆ, ಆ ಕಪ್ಪು ಬಂಡೆ ಬುಡದಲ್ಲಿ ನೋಡು, ಅಂಗೈಗಿಂತ ಚಿಕ್ಕದನ್ನ ಮುಟ್ಬೇಡ" ಎಂದು ದಾರಿ ತೋರುತ್ತಿದ್ದ. ಅವನು ಹೇಳಿದ ಕಡೆಯೆಲ್ಲ ಚಿಪ್ಪುಗಳಿದ್ದವು.

ಇಂಥವರು ಪ್ರತಿ ದ್ವೀಪಕ್ಕೂ ಒಬ್ಬರಿರುತ್ತಾರೆ. ಇಬ್ಬರಾದರೆ ಊರು ಉಸಿರಾಡಲಾರದು. ಅವರನ್ನು ಕಲ್ಲೆದೆಯವರೆನ್ನುವುದು ವಾಡಿಕೆ, ಆದರೆ ಎದೆ ಕಲ್ಲಾಗಿದ್ದರೆ ಕಟ್ಟಳೆ ಪಾಲಿಸುವುದು ಅವರಿಗೆ ಇಷ್ಟು ದುಬಾರಿಯಾಗುತ್ತಿರಲಿಲ್ಲ. ಎಲ್ಲರಂತೆ ಅವರೂ ಸೋಲುತ್ತಾರೆ. ಹಗಲಿನಲ್ಲಿ, ಸಾಕ್ಷಿಗಳನ್ನು ಕರೆದು ಸೋಲುತ್ತಾರೆ, ಮತ್ತು ಬೆಲೆಯನ್ನು ತಾವೇ ನಿಗದಿ ಮಾಡುತ್ತಾರೆ. ಚೌಕಾಸಿಯಿಂದಲೇ ಹೊಟ್ಟೆ ಹೊರೆಯುವ ನನ್ನಂಥವರಿಗೆ ಅವರೆದುರು ಬಾಯಿ ಕಟ್ಟಿಹೋಗುತ್ತದೆ: ತನ್ನ ಮೇಲೆ ತಾನೇ ಬೆಲೆ ಏರಿಸಿಕೊಂಡು ನಿಂತವನೊಡನೆ ಚೌಕಾಸಿಯನ್ನು ಎಲ್ಲಿಂದ ಆರಂಭಿಸುವುದು?