ಮೂರರ ಮೇಲಿನ ಚೂರು

ಮತ್ತೆ ನಗುತ್ತಿದ್ದಾಳೆ, ರಸ್ತೆಯಾಚೆ ಫರಹೀನಳ ಹೊಲಿಗೆ ಅಂಗಡಿಯಲ್ಲಿ, ನನ್ನ ಮಗಳು ಭಾಗ್ಯಜ್ಯೋತಿ, ಹಸಿರು ಬಟ್ಟೆಯ ಗುಂಡನೆ ತುಂಡನ್ನು ಟೊಪ್ಪಿಗೆಯಂತೆ ತಲೆಗಿಟ್ಟುಕೊಂಡು — ಇವಳಷ್ಟೇ ಮೈಕಟ್ಟಿನ ಹುಡುಗಿಯೊಬ್ಬಳ ಅಂಬ್ರೆಲಾ ಲಂಗದ ಸೊಂಟಕ್ಕೆಂದು ಬಟ್ಟೆಯ ನಡುವೆ ಕೊರೆದು ತೆಗೆದ ತುಂಡು ಅದು, ನಿನ್ನೆ ಫರಹೀನ ಕೊರೆದದ್ದು, ಸೊಂಟ ಅಚ್ಚುಕಟ್ಟಾಗಿ ಕೂತಿತಂತೆ, ನಮ್ಮ ನಿಂಬರ್ಗಾದ ಹೆಣ್ಣುಮಕ್ಕಳೆಲ್ಲ ಅದನ್ನೇ ಹೇಳುತ್ತಾರೆ, ಜಯಮಾಲಾ ಟೇಲರ್ ಎಂಬ ನನ್ನ ಬೋರ್ಡು ಯಾರ ಕಣ್ಣಿಗೂ ಬೀಳುವುದಿಲ್ಲ ಈಗ, ಗಿರಾಕಿ ಹೋದರೆ ಹೋಗಲಿ, ಮಗಳೂ ಹೋಗಬೇಕೇ, ಶಾಲೆಯಲ್ಲಿ ಕಲಿತದ್ದನ್ನು ನನಗೊಂದು ಮಾತು ಹೇಳದೆ ಅವಳಿಗೆ ಹೇಳಿಕೊಟ್ಟಳಲ್ಲ, ನೋಡ್ರಿ ಫರಹೀನಕ್ಕ, ತಾಟಿನ ಸುತ್ತ ದಾರ ಸುತ್ರಿ, ಅದ ದಾರ ತಾಟಿನ ಅಡ್ಡಕ್ಕ ಹಿಡೀರಿ, ಮೂರ ಸಲ ಹೋಗಿ ಮ್ಯಾಲ ಒಂದ ಚೂರ ಉಳಿತದ, ತಾಟ ಸಣ್ಣದಿರಲಿ ದೊಡ್ಡದಿರಲಿ ಲೆಕ್ಕ ಅಷ್ಟ, ಅದಕ್ಕ ಪೈ ಅಂತಾರ್ರಿ, ಆ ಚೂರು ಎಷ್ಟಂತ ಬರಕೋತ ಹೋದ್ರ ಮುಗಿಯಂಗೇ ಇಲ್ಲ — ನಲ್ಲಿಯ ಹತ್ತಿರ ಕೊಡ ತುಂಬುತ್ತ ಎಲ್ಲ ಕೇಳಿಸಿಕೊಂಡೆ, ತಾಟು ನಮ್ಮ ಮನೆಯದು, ದಾರ ನನ್ನ ಉಂಡೆಯದು, ಹೊಟ್ಟೆ ಉರಿಯಿತು, ಉರಿಯದೆ ಏನು, ಕೊಡ ತುಂಬಿ ಹರಿದದ್ದೂ ಗೊತ್ತಾಗಲಿಲ್ಲ, ನಮ್ಮ ಅತ್ತೆ ಸುಭದ್ರಾಬಾಯಿ ಮೂರರಲ್ಲೇ ಊರಿಗೆಲ್ಲ ಹೊಲಿದರು, ಸೊಂಟದ ಮೂರನೇ ಪಾಲು ಗುಂಡಿನ ಅಗಲ, ಅದರ ಅರ್ಧ ಟೇಪಿನಲ್ಲಿ ಹಿಡಿ, ಬಟ್ಟೆ ನಾಲ್ಕು ಮಡಿಕೆ ಮಾಡು, ಮೂಲೆಯಿಂದ ತಿರುಗಿಸು, ಸೀಮೆಸುಣ್ಣ ಎಳೆ, ಸಡಿಲಾದರೆ ನೆರಿಗೆ ಹಿಡಿ, ಮುಗಿಯಿತು — ಮೂರರ ಮೇಲೆ ಚೂರು ಇದೆಯೆಂದು ನನಗೂ ಈಗ ಗೊತ್ತು, ಅದನ್ನೂ ಸೇರಿಸಿ ಭಾಗಿಸಿದರೆ ಗುಂಡು ತುಸು ಸಣ್ಣದಾಗುತ್ತದೆ, ಗೊತ್ತಿದ್ದೂ ಸೇರಿಸುವುದಿಲ್ಲ, ಅವಳ ಅಂಗಡಿಯ ಲೆಕ್ಕ ನನ್ನ ಕತ್ತರಿಗೆ ಬೇಡ, ಈಗ ನನ್ನ ಮುಂದೆ ಮಡಚಿಟ್ಟ ಇದು ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಹಾಕಿಕೊಳ್ಳಲು ಮಗಳಿಗೆಂದು ತಂದ ಕೆಂಪು ಸಾಟಿನ್, ಅವಳು ಇದನ್ನು ಹಾಕಿಕೊಂಡು ಕುಣಿಯಬೇಕು, ಯಾರ ಹೊಲಿಗೆಯೇ ಎಂದು ಕೇಳಿದರೆ ನಮ್ಮವ್ವಂದು ಅನ್ನಬೇಕು, ಅದು ಫರಹೀನಳ ಕಿವಿಗೆ ಬೀಳಬೇಕು — ಕತ್ತರಿ ಸುತ್ತಿ ಬಂತು, ಕೆಂಪು ತುಂಡು ಕಾಲ ಬಳಿ ಬಿತ್ತು, ಹಸಿರಿಗಿಂತ ತುಸು ದೊಡ್ಡದೇ, ಇರಲಿ.

ಭಾಗ್ಯಾ, ಬಾ ಬೇ ಇಲ್ಲಿ, ಹಾಕ್ಕೊಂಡ ನೋಡು, ಎಷ್ಟೊತ್ತು ಕೂಡ್ತೀ ಅಲ್ಲಿ — ಬಂದಳು, ಹಸಿರು ತುಂಡು ತಲೆಯ ಮೇಲೇ ಇದೆ, ಬೇಕೆಂದೇ ಇಟ್ಟುಕೊಂಡು ಬಂದಳೋ, ಛೇ, ಕೂಸು ಅದು, ಕಚ್ಚಾ ಹೊಲಿಗೆ ಹಾಕಿದ ಲಂಗವನ್ನು ಚೂಡಿದಾರದ ಮೇಲೇ ಏರಿಸಿದಳು, ಯವ್ವಾ ಎಷ್ಟ ಚಂದ ಅದ ಬೇ, ಗರಗರ ತಿರುಗಿದಳು, ಕೆಂಪೆಲ್ಲ ಅರಳಿತು, ನನ್ನ ಎದೆಯೂ, ತಿರುಗುತ್ತಿದ್ದಂತೆಯೇ ಸೊಂಟ ಜಾರಿತು, ಗಪ್ಪನೆ ಹಿಡಿದಳು, ಹೆಚ್ಚಾದ ಬಟ್ಟೆ ಅವಳ ಮುಷ್ಟಿಯಲ್ಲಿ, ನಾನು ಬಿಟ್ಟ ಚೂರು ಅಲ್ಲಿ ಬಂದು ಕೂತಿದೆ — ಕೊಡು, ನೆರಿಗೆ ಹಿಡೀತೇನಿ ಅನ್ನಬೇಕು, ಸೂಜಿ ಹುಡುಕುವಷ್ಟರಲ್ಲಿ ಅವಳೇ ಅಂದಳು, ಮುಖ ಯಾಕ ಸಣ್ಣ ಮಾಡ್ತಿ ಯವ್ವಾ, ಎರಡ ಬೆರಳ ಸಡ್ಲ ಅದ, ಫರಹೀನಕ್ಕ ಸರಿ ಮಾಡಿ ಕೊಡ್ತಾರ ಬಿಡು — ಲಂಗ ಎತ್ತಿ ಹಿಡಿದು ರಸ್ತೆಗಿಳಿದಳು, ತಿರುಗಿಯೂ ನೋಡಲಿಲ್ಲ, ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂತು, ದಾಟಿತು, ಆಚೆ ದಡದಲ್ಲಿ ಅದು, ಹಸಿರು, ಗುಂಡಗೆ, ಅವಳ ತಲೆಯ ಮೇಲೆ.