ಗುರುತಿಗೆ ನಿಂತ ಹಲಸಿನ ಮರ

ನಾನು ಒಂದು ಕ್ಯಾಮೆರಾ. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ. ಮೊದಲು ಕೊಂಡವನು ಮಂಗಳೂರಿನ ಒಬ್ಬ ಮದುವೆ ಫೋಟೊಗ್ರಾಫರ್. ಹೊಸ ಮಾದರಿ ಬಂದೊಡನೆ ಅವನು ನನ್ನನ್ನು ಕೊಡಗಿನ ತೀರ್ಥಕುಮಾರನಿಗೆ ಮಾರಿದ. ತೀರ್ಥ ಘಟ್ಟದ ಪೇಟೆಯೊಂದರಲ್ಲಿ ಸಣ್ಣ ಸ್ಟುಡಿಯೊ ಇಟ್ಟಿದ್ದ. ಸದಾ ಅವನ ಕೊರಳಲ್ಲೇ ಇರುತ್ತಿದ್ದ ನನಗೆ ಅವನ ಎದೆಬಡಿತ ಬಾಯಿಪಾಠವಾಗಿತ್ತು.

ಎದುರಿನ ಗುಡ್ಡದಲ್ಲಿ ಅವನ ತಂಗಿ ದಮಯಂತಿಯ ಮನೆ. ಅದು ಕಟ್ಟಿ ಮುಗಿದಾಗ ತೀರ್ಥ ರಸ್ತೆಯಲ್ಲಿ ನಿಂತು ಇಡೀ ಗುಡ್ಡದ ಚಿತ್ರ ತೆಗೆದಿದ್ದ. ಮೇಲೆ ಶಾಲೆ, ಒಂದು ಕಡೆ ಕರಿಬಂಡೆ, ಮನೆಯ ಪಕ್ಕದಲ್ಲಿ ಹಲಸಿನ ಮರ, ಅಂಗಳದಲ್ಲಿ ಕೈ ಬೀಸುವ ದಮಯಂತಿ.

ಒಂದು ಆಗಸ್ಟಿನಲ್ಲಿ ಆ ಗುಡ್ಡ ಕುಸಿಯಿತು. ಪೇಟೆಗೆ ಬಂದಿದ್ದ ಅವಳ ಗಂಡ ಕುಶಾಲಪ್ಪ ಉಳಿದ. ಅವಳು ಮನೆಯೊಳಗಿದ್ದಳು.

ಎಲ್ಲಿ ಅಗೆಯಬೇಕೆಂದು ಜೆಸಿಬಿಯವರು ಕೇಳಿದರು. ತೋರಿಸಲು ದಾರಿಯಿಲ್ಲ, ಅಂಗಳವಿಲ್ಲ, ಎಲ್ಲೆಲ್ಲೂ ಕೆಸರು. ತೀರ್ಥ ನನ್ನನ್ನು ಎತ್ತಿಕೊಂಡ. ಹಿಂದೆ ನಿಂತಿದ್ದ ರಸ್ತೆಯೇ ಕೊಚ್ಚಿಹೋಗಿದ್ದರಿಂದ ಕೆಳಗಿನಿಂದ ಓರೆಯಾಗಿ ತೆಗೆದ. ಮಂಜು ಶಾಲೆಯನ್ನು ಮುಚ್ಚಿತ್ತು. ಕಂಪ್ಯೂಟರಿನಲ್ಲಿ ಹೊಸ ಚಿತ್ರದ ಮೇಲೆ ಹಳೆಯದನ್ನು ತೆಳುವಾಗಿಸಿ ಹಾಸಿದ. ಬಂಡೆಗೆ ಬಂಡೆ ಕೂಡಿಸಿ, ತಿರುಗಿಸಿ, ಹಿಗ್ಗಿಸಿ, ಮರದ ಮೇಲೆ ಮರ ಕೂರಿಸಿದ. ಕೆಸರಿನ ನಡುವೆ ಮನೆಯ ಹೆಂಚು ಮಸುಕಾಗಿ ಮೂಡಿತು.

"ಇಲ್ಲೇ, ಭಾವ," ಎಂದ.

ಕತ್ತಲಾಗುವವರೆಗೂ ಅಗೆದರು. ಮರುದಿನವೂ ಅಗೆದರು. ಸಿಕ್ಕಿದ್ದು ಮಣ್ಣು ಮತ್ತು ಬೇರು. ತೆಗೆದ ಮಣ್ಣನ್ನೆಲ್ಲ ಪಕ್ಕದ ತಗ್ಗಿಗೆ ಸುರಿದರು.

ಆಮೇಲೆ ಮಂಜು ಸರಿಯಿತು. ತೀರ್ಥ ಮತ್ತೊಂದು ಚಿತ್ರ ತೆಗೆದು ಹಾಸಿ ನೋಡಿದ. ಬಂಡೆ ಕೂಡಿತು, ಶಾಲೆ ಕೂಡಿತು, ಮರ ಮಾತ್ರ ಕೂಡಲಿಲ್ಲ. ಹಲಸು ತನ್ನ ಬುಡದ ಮಣ್ಣಿನ ಸಮೇತ ಜಾರಿ ಬಂದು, ಒಂದಿಷ್ಟೂ ವಾಲದೆ ಬೇರೆ ಕಡೆ ನಿಂತಿತ್ತು. ಮನೆ ಈಗ ಮೂಡಿದ್ದು ಆ ತಗ್ಗಿನಲ್ಲಿ.

ಬೆನ್ನ ಹಿಂದೆ ಕುಶಾಲಪ್ಪ ನಿಂತಿದ್ದ. ತೀರ್ಥ ತಿರುಗದೆಯೇ ಹೇಳಿದ, "ಭಾವ, ನಾವು ಮಣ್ಣು ಹಾಕಿದಲ್ಲೇ ಅವಳು ಇರೋದು."

ಕುಶಾಲಪ್ಪ ಪರದೆಯ ಮೇಲಿನ ತಗ್ಗಿಗೆ ಬೆರಳಿಟ್ಟ. "ನಾನೂ ಬುಟ್ಟಿಯಲ್ಲಿ ಹೊತ್ತು ಹಾಕಿದೆನಲ್ಲ," ಎಂದ.

ಅಂದು ಸಂಜೆ ಮಳೆ ಮತ್ತೆ ಹಿಡಿಯಿತು. ಮೇಲಿನ ಗುಡ್ಡ ಇನ್ನಷ್ಟು ಇಳಿಯಿತು. ಹುಡುಕಾಟ ನಿಂತಿತು.

ಈಗ ನಾನು ಬೀರುವಿನ ಕೆಳಖಾನೆಯಲ್ಲಿದ್ದೇನೆ. ಲೆನ್ಸಿಗೆ ಬೂಷ್ಟು ಹಿಡಿದಿದೆ. ತೀರ್ಥ ನನ್ನನ್ನು ಮಾರಲೂ ಇಲ್ಲ, ಮುಟ್ಟಲೂ ಇಲ್ಲ. ಕಂಡದ್ದನ್ನು ಕಂಡ ಹಾಗೆಯೇ ಹಿಡಿದುಕೊಡುವುದು ನನ್ನ ಕೆಲಸ, ಅದನ್ನು ಮಾಡಿದೆ. ಅವನೂ ಕಂಡದ್ದನ್ನೇ ನಂಬಿದ. ಬಾಯಿದ್ದಿದ್ದರೆ ಅವನಿಗೆ ಇಷ್ಟನ್ನು ಹೇಳುತ್ತಿದ್ದೆನೇನೋ. ಕೇಳಿದರೂ ಅವನು ಬೀರುವಿನ ಬಾಗಿಲು ಹಾಕಿಬಿಡುತ್ತಿದ್ದ.