ಮರ ನಿಂತಲ್ಲಿ ದಾರಿ

ಫೆಬ್ರವರಿಯಲ್ಲಿ ಮಳೆ! ಪೆಟ್ರೋಲ್ ಬಂಕಿನ ಸೂರಿನಡಿ ನಿಂತು ಕಾಗದದ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದ ಆರ್ಡಿಸ್ ಕೂಲ್ ಆಕಾಶಕ್ಕೆ ಮನಸಾರೆ ಶಾಪ ಹಾಕಿದಳು. ಅಮೆರಿಕದ ವಿಸ್ಕಾನ್ಸಿನ್‌ನಲ್ಲೇ ಹುಟ್ಟಿ ಅರವತ್ತು ದಾಟಿದವಳಿಗೆ ಈ ತಿಂಗಳಲ್ಲಿ ಮೂಗು ಮರಗಟ್ಟಬೇಕೇ ಹೊರತು ಕೊಡೆ ಬೇಕಾಗಬಾರದು.

ಪಕ್ಕದಲ್ಲೇ ಜೋಲೀನ್ ತನ್ನ ಪಿಕಪ್ಪಿಗೆ ಪೆಟ್ರೋಲ್ ಹಾಕಿಸುತ್ತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಂಗಸು. ಹಿಂದಿನ ಸೀಟಿನಲ್ಲಿ ಅವಳ ಮಕ್ಕಳಿಬ್ಬರು ಗಾಳದ ಕೋಲು ಹಿಡಿದು ಕತ್ತಿವರಸೆ ನಡೆಸಿದ್ದರು.

"ಶನಿವಾರ ಪಂದ್ಯದಲ್ಲಿ ಸಿಗೋಣ ಆರ್ಡಿಸ್! ಈ ಸಲ ನಮ್ಮ ಗಾಳ ಹಾಕೋ ಹಲಗೆ ಗುಡಿಸಲನ್ನೂ ಗಾಡಿಗೆ ಕಟ್ಕೊಂಡು ಕೆರೆ ಮಧ್ಯಕ್ಕೇ ಬರ್ತೀವಿ."

"ಗಾಡಿನಾ? ಬೋರ್ಡ್ ನೋಡ್ಲಿಲ್ವೇನೇ? ಈ ಸಲ ನಡ್ಕೊಂಡೇ ಬರ್ಬೇಕು ಅಂತ ಇಷ್ಟು ದೊಡ್ಡದಾಗಿ ಬರೆದು ಹಾಕಿದೀವಲ್ಲ."

"ಅಯ್ಯೋ, ಬೋರ್ಡ್ ಯಾರು ಓದ್ತಾರೆ? ಮರ ನಿಂತಿದಾವಲ್ಲ. ನೀವೇ ನೆಟ್ಟಿದ್ದು ತಾನೆ? ಇನ್ನೇನ್ ಬೇಕು ಹೇಳಿ!"

ಜೋಲೀನ್ ಕೈಬೀಸಿ ಹೊರಟುಹೋದಳು. ಆರ್ಡಿಸ್ ಉಳಿದ ಕಾಫಿಯನ್ನು ಮಳೆಗೆ ಚೆಲ್ಲಿದಳು.

ಕೆಟಲ್ ಪಾಯಿಂಟ್ ಎಂಬ ಈ ಸರೋವರದ ಊರಿನಲ್ಲಿ ಕ್ರಿಸ್‌ಮಸ್ ಮರ ಹಬ್ಬ ಮುಗಿದೊಡನೆ ಕಸವಾಗುವುದಿಲ್ಲ. ಮನೆಮನೆಯ ಮುಂದೆ ಬಿದ್ದವನ್ನು ಮೀನುಗಾರರ ಸಂಘದವರು ಹೇರಿಕೊಂಡು ಹೋಗುತ್ತಾರೆ. ಸರೋವರ ಗಟ್ಟಿಯಾಗಿ ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಯಲ್ಲಿ ತೂತು ಕೊರೆದು, ದಡದಿಂದ ಮೀನು ಸಿಗುವ ಜಾಗದವರೆಗೆ ಸಾಲಾಗಿ ನೆಡುತ್ತಾರೆ. ತೂತಿನ ನೀರು ಹೆಪ್ಪುಗಟ್ಟಿದರೆ ಮರ ಕಬ್ಬಿಣದ ಕಂಬದಂತೆ ನಿಲ್ಲುತ್ತದೆ. ಹಿಮ ಬೀಸಿ ಕಣ್ಣು ಕಾಣದಿದ್ದರೂ ಗಾಡಿಗಳು ಆ ಸಾಲು ಹಿಡಿದು ಓಡಾಡುತ್ತವೆ. ಎಲ್ಲಿ ನೆಡಬೇಕು, ಯಾವಾಗ ನೆಡಬೇಕು ಎಂದು ನಿರ್ಧರಿಸುತ್ತಿದ್ದವನು ಮೊದಲು ಆರ್ಡಿಸಳ ಅಪ್ಪ; ಅವನ ನಂತರ ಅವಳು. ಗಡ್ಡೆ ಎಷ್ಟು ದಪ್ಪವಿದೆ ಎಂದು ಊರಲ್ಲಿ ಯಾರೂ ಕೇಳುವುದಿಲ್ಲ. ಮರ ಕಂಡರೆ ಸ್ಟಿಯರಿಂಗ್ ತಿರುಗಿಸುತ್ತಾರೆ, ಅಷ್ಟೇ.

ಈ ವರ್ಷ ಜನವರಿಯ ಚಳಿ ನಂಬಿ ನೆಟ್ಟಿದ್ದಳು. ಆಮೇಲೆ ಈ ಮಳೆ ಹಿಡಿಯಿತು.

ಹಿಂದಿನ ಸಂಜೆಯಷ್ಟೇ ಅವಳ ತಮ್ಮ ರೋಲಂಡನ ಬಾರಿನಲ್ಲಿ ಸಂಘದವರೆಲ್ಲ ಸೇರಿದ್ದರು. ಮೀನು ಹಿಡಿಯುವ ಪಂದ್ಯಕ್ಕೆ ಅವನೇ ಮುಂದಾಳು. ಪಂದ್ಯ ಬೇಡ, ಗಾಳದ ಅಂಗಡಿಯವನಿಂದ ಹಿಡಿದು ಮೋಟೆಲಿನವನ ತನಕ ಎಲ್ಲರೂ ದಡದ ಮೇಲೇ ಏನಾದರೂ ಮಾಡೋಣ, ಹಳಿ ಕಿತ್ತ ಹಳೆಯ ರೈಲುದಾರಿಯಲ್ಲಿ ಓಟ ಇಡೋಣ ಎಂದಿದ್ದಳು ಆರ್ಡಿಸ್. ಬಾರಿಗೆ ಬಾರೇ ನಕ್ಕಿತ್ತು.

"ಮೀನು ಹಿಡಿಯೋಕೆ ಬಂದೋರಿಗೆ ವಾಕಿಂಗ್ ಮಾಡಿಸ್ತೀಯಾ?" ಎಂದು ಛೇಡಿಸಿದ ರೋಲಂಡ್ ಆಮೇಲೆ ಗಂಭೀರವಾಗಿದ್ದ. "ಆ ಒಂದು ಶನಿವಾರ ನಂಬ್ಕೊಂಡು ಎಷ್ಟು ಮನೆ ಒಲೆ ಉರಿಯುತ್ತೆ ಗೊತ್ತಲ್ಲ? ಇವತ್ತೂ ಕೊರೆದು ನೋಡಿದೀವಿ, ಒಂದಡಿ ಮೇಲೇ ಇದೆ ಐಸು."

ಅವನು ಸುಳ್ಳು ಹೇಳುವ ಮನುಷ್ಯನಲ್ಲ. ದಪ್ಪವೇನೋ ಇತ್ತು. ಆದರೆ ಮಳೆ ಕುಡಿದ ಗಡ್ಡೆಯಲ್ಲಿ ದಪ್ಪವಿದ್ದರೂ ಕಸುವಿರುವುದಿಲ್ಲ. ಕೊನೆಗೆ ಗಾಡಿ ಬೇಡ, ನಡೆದು ಬರಲಿ ಎಂದು ಬೋರ್ಡು ಹಾಕುವುದಕ್ಕೆ ರಾಜಿಯಾಗಿ, ರಾತ್ರಿಯೇ ದಡದ ಇಳಿಜಾರಿನಲ್ಲಿ ಅದನ್ನು ನಿಲ್ಲಿಸಿದ್ದರು. ಆರ್ಡಿಸ್ ತಲೆಯಾಡಿಸಿದ್ದಳು. ಏಕೆಂದರೆ ಅವಳಿಗೂ ಆ ಶನಿವಾರ ಪ್ರಾಣ. ಸರೋವರದ ನಡುವೆ ಇಡೀ ಊರು ಗುಡಿಸಲು ಹೂಡಿ ನಗುವ ಆ ದಿನವಿಲ್ಲದ ಚಳಿಗಾಲವನ್ನು ಅವಳು ನೆನೆಯಲೂ ಆರಳು.

ಬಂಕಿನಿಂದ ನೇರ ದಡಕ್ಕೆ ಹೋದಳು. ಸೊಂಟಕ್ಕೆ ಹಗ್ಗ ಬಿಗಿದು ಇನ್ನೊಂದು ತುದಿಯನ್ನು ದೋಣಿಕಟ್ಟೆಯ ಕಂಬಕ್ಕೆ ಕಟ್ಟಿ ಮೊದಲನೆಯ ಮರದ ಬಳಿ ನಡೆದಳು. ಬೇರೆ ವರ್ಷಗಳಲ್ಲಿ ಬುಡಕ್ಕೆ ಗರಗಸ ಹಾಕದೆ ಮರ ಮಿಸುಕುವುದಿಲ್ಲ. ಈಗ ಹಿಡಿದು ಅಲ್ಲಾಡಿಸಿದ್ದೇ ತಡ, ಮೂಲಂಗಿಯಂತೆ ಕಿತ್ತು ಕೈಗೆ ಬಂತು. ತೂತಿನಿಂದ ನೀರು ಉಕ್ಕಿತು. ಆರ್ಡಿಸ್ ಸೊಂಟದ ಗಂಟನ್ನು ಇನ್ನೊಮ್ಮೆ ಬಿಗಿದಳು. ಆಮೇಲೆ ಎರಡನೆಯದಕ್ಕೆ ಕೈ ಹಾಕಿದಳು.

ಬಾರಿನ ಕಿಟಕಿಯಿಂದ ನೋಡಿದ ರೋಲಂಡ್ ಏಪ್ರನ್ ಬಿಚ್ಚದೆಯೇ ಓಡಿಬಂದ.

"ತಲೆ ಕೆಟ್ಟಿದೆಯೇನೇ ನಿಂಗೆ? ನಿನ್ನೆ ಹೂಂ ಅಂದು ಇವತ್ತು ಕೀಳ್ತಿದೀಯಲ್ಲ!"

"ನಿನ್ನೆ ಹೂಂ ಅಂದಿದ್ದು ನನ್ನ ತಪ್ಪು. ಜೋಲೀನ್ ಮಕ್ಕಳನ್ನ ಕೂರಿಸ್ಕೊಂಡು ಗಾಡಿ ತರ್ತಾಳಂತೆ. ನಿನ್ನ ಬೋರ್ಡ್ ಅವಳು ಓದಿಲ್ಲ ಕಣೋ. ನನ್ನ ಮರ ನೋಡಿದಾಳೆ."

"ಅವಳೊಬ್ಬಳಿಗೆ ಹೇಳಿದ್ರಾಯ್ತಪ್ಪ!"

"ಹೊರಗಿಂದ ಬರೋ ಪ್ರತಿಯೊಬ್ಬನಿಗೂ ಹೇಳ್ತೀಯಾ?"

ರೋಲಂಡ್ ಅವಳ ಕೈಯಿಂದ ಮರ ಕಿತ್ತುಕೊಂಡು ಮತ್ತೆ ಅದೇ ತೂತಿಗೆ ಊರಿದ. ಅದು ವಾಲಿತು. ಇನ್ನಷ್ಟು ಜೋರಾಗಿ ಒತ್ತಿದ. ತೂತಿನ ಅಂಚು ಸದ್ದಿಲ್ಲದೆ ಪುಡಿಯಾಗಿ ಅವನ ಬೂಟುಗಳ ಮೇಲೆ ನೀರು ಹರಿಯಿತು. ಅವನು ಮೆಲ್ಲನೆ ಹಿಂದೆ ಸರಿದ. ಬೂಟು ಒದರಿಕೊಂಡು ಅಕ್ಕನತ್ತ ತಿರುಗಿದ.

"ಅಪ್ಪ ಇದ್ದಿದ್ರೆ ಏನಾದ್ರೂ ದಾರಿ ಹುಡುಕ್ತಿದ್ದ."

"ಅಪ್ಪ ಇಂಥ ಫೆಬ್ರವರಿ ನೋಡಿರ್ಲಿಲ್ಲ ರೋಲಂಡ್. ನಾವು ನೋಡ್ತಿದೀವಿ. ಇನ್ಮೇಲೂ ನೋಡ್ತೀವಿ."

"ಕೆರೆನೇ ಇಲ್ಲ ಅಂದ್ರೆ ಚಳಿಗಾಲದಲ್ಲಿ ಈ ಊರಲ್ಲಿ ಜನ ಯಾತಕ್ಕಿರ್ಬೇಕು ಹೇಳು?" ಅವನ ದನಿ ಒಡೆದಿತ್ತು.

"ಅದನ್ನ ಕೂತು ಯೋಚಿಸೋಣ. ವರ್ಷಪೂರ್ತಿ ಬೇಕಾದ್ರೂ ಕೂರೋಣ. ಯೋಚಿಸೋಕೆ ಜನ ಉಳಿದಿರಬೇಕಲ್ಲ. ಮೊದಲು ಈ ಮರ ಕೀಳೋಣ."

ರೋಲಂಡ್ ಬೈದುಕೊಳ್ಳುತ್ತಲೇ ದಡಕ್ಕೆ ಹೋಗಿ ಇನ್ನೊಂದು ಹಗ್ಗ ತಂದ. ಭಾರ ಒಂದೇ ಕಡೆ ಬೀಳದಂತೆ ದೂರ ದೂರ ನಿಂತು ಅಕ್ಕತಮ್ಮಂದಿರು ಹಗ್ಗ ಸಾಲುವವರೆಗಿನ ಮರಗಳನ್ನೆಲ್ಲ ಕಿತ್ತರು. ಸುದ್ದಿ ತಿಳಿದು ಸಂಘದವರು ದಡಕ್ಕೆ ಬಂದರು. ಮೋಟೆಲಿನವನು ಬಾಯಿಗೆ ಬಂದಂತೆ ಬೈದ. ಆರ್ಡಿಸ್ ಎದುರಾಡಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. ಅವನ ನಷ್ಟ ನಿಜವಾದದ್ದು, ಅವಳಿಗೆ ಅದು ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಹೊರಗಿನ ಮೊದಲ ಪಿಕಪ್ ಗುಡಿಸಲನ್ನು ಎಳೆದುಕೊಂಡು ಇಳಿಜಾರಿಗೆ ಬಂತು. ಬೋರ್ಡು ಅಲ್ಲೇ ಇತ್ತು. ಚಾಲಕ ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ. ದಡದ ಬಳಿ ಒಂದೂ ಮರವಿಲ್ಲದ ಸರೋವರ ನೋಡಿ ಗಕ್ಕನೆ ಬ್ರೇಕ್ ಹಾಕಿದ. ಇಳಿಜಾರಿನ ಬದಿಯಲ್ಲಿ ನಿಂತಿದ್ದ ಆರ್ಡಿಸ್ ಮತ್ತು ರೋಲಂಡ್ ಗಾಡಿಯ ಬಳಿ ಬಂದರು.

"ಮರ ಎಲ್ರೀ?" ಎಂದ ಚಾಲಕ ಕಿಟಕಿ ಇಳಿಸಿ.

"ಅಲ್ನೋಡಿ," ಎಂದು ರೋಲಂಡ್ ಕೈ ತೋರಿಸಿದ. ಶುಕ್ರವಾರವೆಲ್ಲ ಅವನೇ ಗುದ್ದಲಿ ಹಿಡಿದು ನೆಟ್ಟ ಮರಗಳು ದಡದುದ್ದಕ್ಕೂ, ಹಳೆಯ ರೈಲುದಾರಿಯ ಮಗ್ಗುಲಲ್ಲಿ ಸಾಲಾಗಿ ನಿಂತಿದ್ದವು. "ಗುಡಿಸಲಲ್ಲಿ ಒಲೆ ಇದೆ ತಾನೆ? ಆ ಕೊನೇ ಮರದ ಹತ್ರ ಇಳಿಸಿ. ಮಕ್ಕಳು ಓಟ ಮುಗಿಸಿ ಬಂದಾಗ ಕೈ ಕಾಯಿಸ್ಕೊಳ್ಳೋಕೆ ಬೇಕಾಗುತ್ತೆ."

ಚಾಲಕ ಸರೋವರದ ಕಡೆ ಒಮ್ಮೆ ಆಸೆಯಿಂದ ನೋಡಿದ. ಆಮೇಲೆ ಗಾಡಿ ಹಿಂದಕ್ಕೆ ತೆಗೆದು, ಮರದ ಸಾಲು ಹಿಡಿದು ಹೋದ.